ಛುಂದೊ ಎಷ್ಟು ದಿನ ಬಿಸಿಲಲ್ಲಿಡಬೇಕು?

ವಡೋದರೆಯ ಮಂಜಲ್‌ಪುರದಲ್ಲಿ ಎಂಟು ಮಂದಿ ಹೆಂಗಸರಿಗೆ ಸಂಶೋಧನೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಲ್ಲರೂ ಅಲ್ಲಿಯವರೇ. ಮನೆಮನೆಗೆ ಹೋಗಿ, ಹೆಂಗಸರ ಮೇಲೆ, ಮಕ್ಕಳ ಮೇಲೆ ಯಾರಾದರೂ ಕೈ ಮಾಡುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಬೇಕು, ಬೇಕಾದವರಿಗೆ ನೆರವಿನ ದಾರಿ ತೋರಿಸಬೇಕು. ನಾನು ಧಾರವಾಡದವಳು. ನನ್ನ ಗುಜರಾತಿ ಕೇಳಿದವರಿಗೆ ನಗು ಬರುತ್ತಿತ್ತು. ಆದರೂ ಕಲಿಸುವವಳೆಂಬ ಜಂಭಕ್ಕೇನೂ ಕಡಿಮೆ ಇರಲಿಲ್ಲ.

ಈ ಕೆಲಸಕ್ಕೆ ಒಂದು ನಿಯಮವುಂಟು. ಹೆಂಗಸು ಒಬ್ಬಳೇ ಇದ್ದಾಗ ಮಾತ್ರ ಕೇಳಬೇಕು. ನಡುವೆ ಯಾರಾದರೂ ಬಂದರೆ ತಟ್ಟನೆ ಬೇರೆ ವಿಷಯಕ್ಕೆ ಜಾರಬೇಕು. ಇಲ್ಲದಿದ್ದರೆ ನಾವು ಹೊರಟ ಮೇಲೆ ಪೆಟ್ಟು ಬೀಳುವುದು ಅವಳಿಗೇ. ಹಾಗೆ ಜಾರಲಿಕ್ಕೆಂದು ನಾನು ನಲ್ಲಿ ನೀರಿನ ಬಗ್ಗೆ ಒಂದು ಪುಟ ಪ್ರಶ್ನೆ ಬರೆದು ತಂದಿದ್ದೆ.

ಅವರಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಒಬ್ಬಾಕೆ ಅದನ್ನು ಓದಿ ಕನ್ನಡಕ ತೆಗೆದಳು. ಅಲ್ಲಿ ಅಕ್ಕಾ ಎನ್ನಲು ಬೆನ್ ಎನ್ನುತ್ತಾರೆ. "ಬೆನ್, ನೀರಿನ ಬಗ್ಗೆ ಅರ್ಧ ಗಂಟೆ ಪಿಸುಗುಟ್ತಾರಾ ಯಾರಾದ್ರೂ? ಛುಂದೊ ಎಷ್ಟು ದಿನ ಬಿಸಿಲಲ್ಲಿಡಬೇಕು ಅಂತ ಕೇಳಿ. ಅತ್ತೆ ತಾನೇ ಕೂತು ಪಾಠ ಹೇಳ್ತಾಳೆ."

ಛುಂದೊ ಎಂದರೆ ತುರಿದ ಮಾವಿನಕಾಯಿಗೆ ಸಕ್ಕರೆ ಬೆರೆಸಿ, ಬಿಸಿಲಲ್ಲೇ ಪಾಕ ಬರಿಸುವ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಸಕ್ಕರೆ ಸುರಿಯುವವರಿಂದ ನಾನು ಕಲಿಯಬೇಕೇ ಎಂದು ಸಿಟ್ಟೇ ಬಂತು. ಅಷ್ಟರಲ್ಲಿ ಉಳಿದ ಏಳು ಮಂದಿ ತಮ್ಮ ಹಾಳೆಯಲ್ಲಿ ನೀರನ್ನು ಹೊಡೆದುಹಾಕಿ ಛುಂದೊ ಬರೆದುಕೊಂಡಾಗಿತ್ತು.

ಮುಂದಿನ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹೊಲಿಗೆಯವಳ ಜೊತೆ ನಾನೂ ಒಂದು ಮನೆಗೆ ಹೋದೆ. ಚಿಕ್ಕ ವಯಸ್ಸಿನ ಸೊಸೆ ಒಬ್ಬಳೇ ಇದ್ದಳು, ಅತ್ತೆ ತರಕಾರಿಗೆ ಹೋಗಿದ್ದಳು. ಗಂಡ ಕೈ ಎತ್ತಿದ್ದುಂಟಾ ಎಂದು ಹೊಲಿಗೆಯವಳು ಕೇಳಿದಳು. ಸೊಸೆ ಹೌದೆಂದು ತಲೆಯಾಡಿಸಿ, "ಮೊನ್ನೆ..." ಎಂದಳು. ಗೇಟು ಕಿರ್ರೆಂದಿತು.

"ಸಕ್ಕರೆ ಹಾಕಿದ ಮೇಲೆ ಎಷ್ಟು ದಿನ ಬಿಸಿಲು?" ಹೊಲಿಗೆಯವಳ ದನಿ ಒಂದಿಷ್ಟೂ ನಡುಗಲಿಲ್ಲ.

ಅತ್ತೆ ಚೀಲ ಇಳಿಸಿ ನನ್ನನ್ನೇ ದಿಟ್ಟಿಸಿದಳು. ಉಪ್ಪಿನಕಾಯಿ ಕೇಳಲು ಫೈಲು ಹಿಡಿದು ಇಬ್ಬರೇಕೆ ಎಂಬ ಅನುಮಾನ ಮುಖದಲ್ಲೇ ಇತ್ತು. "ನಿಮ್ಮ ಕಡೆ ಅನ್ನಕ್ಕೆ ಏನು ಮಾಡ್ತೀರಿ?" ಎಂದಳು.

"ಸಾರು," ಎಂದೆ.

"ಸಾರುಂ, ಪಣ್ ಶುಂ?" ಒಳ್ಳೆಯದೇ, ಆದರೆ ಏನು? ಗುಜರಾತಿಯಲ್ಲಿ ಸಾರು ಎಂದರೆ ಒಳ್ಳೆಯದು ಎಂಬುದು ಗಾಬರಿಯಲ್ಲಿ ನನಗೆ ಹೊಳೆಯಲೇ ಇಲ್ಲ.

"ಸಾರು! ದಿನಾ ಸಾರು!"

"ಅಯ್ಯೋ, ದಿನಾ ಒಳ್ಳೆಯದೇ ಇರಲಿ. ತಿನ್ನೋದೇನು?"

ಅನ್ನ ಕಲಸುವ ಹಾಗೆ ಕೈಯಾಡಿಸಿದೆ, ಸುರ್ರೆಂದು ಹೀರಿ ತೋರಿಸಿದೆ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಈ ಮದ್ರಾಸಿಗೆ ರುಚಿಯಾಗಿ ತಿಂದೇ ಗೊತ್ತಿಲ್ಲ ಎನ್ನುತ್ತ, ಛುಂದೊ ತಿನ್ನಿಸಲು ನನ್ನ ಕೈ ಹಿಡಿದು ತಾರಸಿಗೆ ಎಳೆದುಕೊಂಡು ಹೋದಳು. ಮದ್ರಾಸಿ ಎಂದರೆ ನನಗೆ ಮೈ ಉರಿಯುತ್ತದೆ. ಆದರೂ ಮೂರು ಚಮಚ ತಿಂದೆ, ಬೇಕೆಂದೇ ನಿಧಾನವಾಗಿ. ಚೆನ್ನಾಗಿಯೇ ಇತ್ತು.

ಕೆಳಗಿಳಿದಾಗ ಹೊಲಿಗೆಯವಳು ಫೈಲು ಮುಚ್ಚಿದ್ದಳು. ಬುಧವಾರ ಅಂಗನವಾಡಿಗೆ ಬಂದರೆ ಕಾನೂನು ತಿಳಿದವರ ಹತ್ತಿರ ಮಾತಾಡಿಸುತ್ತೇನೆಂದು ಸೊಸೆಗೆ ಹೇಳಿದ್ದಳಂತೆ. ಸೊಸೆ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ನಾವು ಚಪ್ಪಲಿ ಮೆಟ್ಟುವಾಗ ಸೊಸೆ ಅತ್ತೆಯ ಎದುರಿಗೇ ಕೇಳಿದಳು: "ಬೆನ್, ಬುಧವಾರ ನಿಮಗೆ ಛುಂದೊ ತಂದ್ಕೊಡ್ಲಾ? ಮಗಳನ್ನೂ ಕರ್ಕೊಂಡು ಬರ್ತೀನಿ."

"ದೊಡ್ಡ ಬಾಟ್ಲೀಲೇ ಕೊಡು," ಎಂದಳು ಅತ್ತೆ.

ಮಗಳ ಮಾತೇಕೆ ಬಂತೆಂದು ನನಗೆ ತಿಳಿಯಲಿಲ್ಲ. ಮಕ್ಕಳ ಪ್ರಶ್ನೆಗಳ ತನಕ ನಾವಿನ್ನೂ ಹೋಗಿರಲೇ ಇಲ್ಲ.

ಬುಧವಾರ ಅವಳು ಬಂದಳು. ಬಾಟಲಿ ಕೆಳಗಿಟ್ಟು, ಆರು ವರ್ಷದ ಮಗಳನ್ನು ಮೆಲ್ಲಗೆ ತಿರುಗಿಸಿ, ಬೆನ್ನ ಮೇಲಿನ ಅಂಗಿ ಸರಿಸಿದಳು.

"ಇದನ್ನೂ ಬರ್ಕೊಳ್ಳಿ," ಎಂದಳು.