ಒಂದೇ ತೋಳಿನ ಸ್ವೆಟರು

ಹೋದ ವಾರ ಗೇಟಿಗೆ ಬಣ್ಣ ಹೊಡೆಯಲು ಬಂದಾತ ಜಗಲಿಯ ಮೇಲೆ ಕೂತು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಪಕ್ಕದ ಕೋಣೆಯಲ್ಲಿ ನನ್ನ ವಾರಗಿತ್ತಿ ಕೂತಿದ್ದಾಳೆ ಅನ್ನಿಸಿತು. ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು, ಮೂಗಿನ ತುದಿಗೆ ನೀಲಿ ಬಣ್ಣ ಮೆತ್ತಿಕೊಂಡು... ಆಮೇಲೆ ನೆನಪಾಯಿತು, ಅವಳು ಹೋಗಿ ಎಷ್ಟೋ ವರ್ಷಗಳಾದವು. ಹಾಗೆ ನೆನಪಾದ ಮೇಲೂ ಮೊದಲು ಬಂದದ್ದು ದುಃಖವಲ್ಲ, ಹಳೆಯ ಹೊಟ್ಟೆಕಿಚ್ಚು. ಅದು ಇನ್ನೂ ಆರಿಲ್ಲ ಎಂದು ನನಗೇ ಆಶ್ಚರ್ಯವಾಯಿತು.

ನಮ್ಮದು ಸಿ.ವಿ. ರಾಮನ್ ನಗರಕ್ಕೆ ಅಂಟಿಕೊಂಡಿರುವ ಹಳೆಯ ಹಳ್ಳಿ. ನಾನು ಹೊಸಕೋಟೆ ಕಡೆಯಿಂದ ಹಿರಿಯ ಸೊಸೆಯಾಗಿ ಬಂದಾಗ ಹಿತ್ತಲಿನಾಚೆ ಇನ್ನೂ ರಾಗಿ ಹೊಲವಿತ್ತು, ಸೊಪ್ಪಿನ ಮಡಿಗಳಿದ್ದವು. ಮಾವನವರು ಹೊಲಕ್ಕೆ ಹೋಗುತ್ತಿದ್ದರು, ನನ್ನ ಗಂಡ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದರು. ತೊಂಬತ್ತರ ದಶಕದ ನಡುವೆ ಮೈದುನನಿಗೆ ಹೆಣ್ಣು ನೋಡುವ ಹೊತ್ತಿಗೆ ಹೊಲವೆಲ್ಲ ಸೈಟುಗಳಾಗಿ, ನಮ್ಮ ಪಾಲಿನ ಜಾಗದಲ್ಲಿ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ಹುಡುಗಿ ಬೆನ್ಸನ್ ಟೌನಿನವಳು. ತಂದೆ ವಿಮಾ ಕಚೇರಿಯಲ್ಲಿದ್ದರು. ಕಾನ್ವೆಂಟಿನಲ್ಲಿ ಓದಿದವಳು. ಹೂವಿನವಳ ಹತ್ತಿರ ತಮಿಳು, ಹಳೆ ಪೇಪರಿನವನ ಹತ್ತಿರ ಉರ್ದು, ನಮ್ಮ ಅತ್ತೆಯ ಹತ್ತಿರ ಮಾತ್ರ ಪಾಠದ ಪುಸ್ತಕದಂಥ ಕನ್ನಡ. "ಅತ್ತೆಯವರೇ, ತಾವು ಊಟ ಮಾಡಿದಿರಾ?" ಎಂದು ಅವಳು ಕೇಳಿದರೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅದೇ ಮಾತನ್ನು ನಾನು ಅಷ್ಟು ವರ್ಷ ದಿನಾ ಕೇಳಿದ್ದೆ. ಅತ್ತೆ ಒಮ್ಮೆಯೂ ನಕ್ಕಿರಲಿಲ್ಲ.

ಮದುವೆಯಾದ ಮೇಲೆ ತವರಿಂದ ಅವಳ ಸಾಮಾನು ಬಂತು. ಬೀರು, ಮಂಚ, ಜೊತೆಗೆ ಎರಡು ತಗಡಿನ ಟ್ರಂಕು. ಒಳಗೆ ಹಿತ್ತಾಳೆ ಪಾತ್ರೆಗಳಿರಬೇಕು ಎಂದುಕೊಂಡು ಅತ್ತೆ ಪಕ್ಕದ ಮನೆಯವರನ್ನೂ ಕರೆದಿದ್ದರು. ಮುಚ್ಚಳ ತೆಗೆದರೆ ಉಲ್ಲನ್ ಉಂಡೆಗಳು, ಕಸೂತಿ ದಾರ, ಮಣಿ, ಬುಟ್ಟಿ ಹೆಣೆಯುವ ಪ್ಲಾಸ್ಟಿಕ್ ವೈರು, ಬಣ್ಣದ ಶೀಶೆಗಳು. ಎಲ್ಲದರ ನಡುವೆ ಅರ್ಧ ಮುಗಿದ ಸಾಮಾನುಗಳು. ಹಿಡಿಯಿಲ್ಲದ ಬುಟ್ಟಿ, ದಳಗಳಿದ್ದೂ ತೊಟ್ಟಿಲ್ಲದ ಬಟ್ಟೆಯ ಹೂವು, ತಟ್ಟೆಯಷ್ಟಗಲಕ್ಕೆ ನಿಂತುಹೋದ ಕ್ರೋಷಾ ಮೇಜುಹೊದಿಕೆ. ನಾನಾಗಿದ್ದರೆ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಿದ್ದೆ. ಅವಳು ಒಂದೊಂದನ್ನೂ ಎತ್ತಿ, "ಇದು ಏನಾಗ್ಬೇಕಿತ್ತು ಹೇಳಿ ನೋಡೋಣ" ಎಂದು ಆಟವಾಡಿಸಿದಳು. ಬಂದವರೆಲ್ಲ ನಕ್ಕು, ಕಾಫಿ ಕುಡಿದು ಹೋದರು. ಕಾಫಿ ಮಾಡಿದವಳು ನಾನು.

ಮೈಗಳ್ಳಿ ಎಂದು ಹೇಳಲಾರೆ. ಕರೆದರೆ ಬಂದು ಪಾತ್ರೆ ತೊಳೆಯುತ್ತಿದ್ದಳು, ಮುದ್ದೆ ಕಟ್ಟುವುದನ್ನೂ ಕಲಿತಳು. ಆದರೆ ಕರೆಯಬೇಕಿತ್ತು, ಅಷ್ಟೆ. ನನ್ನನ್ನು ಯಾರೂ ಕರೆಯಬೇಕಾಗಿರಲಿಲ್ಲ. ಅರ್ಧ ರುಬ್ಬಿದ ಹಿಟ್ಟು, ಅರ್ಧ ಬೆಂದ ಸಾರು, ಅರ್ಧ ಒಗೆದ ಬಟ್ಟೆ ಬಿಟ್ಟು ಎದ್ದುಹೋಗುವ ಹೆಂಗಸು ಯಾವ ಮನೆಯಲ್ಲಿದ್ದಾಳೆ? ಶನಿವಾರ ಮಧ್ಯಾಹ್ನ ಅವಳು ಬ್ಯಾಗು ತಗಲಿಸಿಕೊಂಡು ಶಿವಾಜಿನಗರದ ಬಸ್ಸು ಹತ್ತಿದರೆ, ಗಲ್ಲಿ ಗಲ್ಲಿ ಸುತ್ತಿ, ಹೊಸ ಬಣ್ಣ ಹೊಸ ದಾರ ಹಿಡಿದು ಸಂಜೆಗೆ ಬರುತ್ತಿದ್ದಳು. ಒಂದು ವಾರ ಆ ಹೊಸದರ ಗುಂಗು. ಆಮೇಲೆ ಅದು ಟ್ರಂಕು ಸೇರುತ್ತಿತ್ತು.

ಮಾವನವರಿಗೆ ಅವಳು ಸ್ವೆಟರು ಹಾಕಲು ಕೂತದ್ದು ಒಂದು ಚಳಿಗಾಲ. ಬೂದು ಬಣ್ಣದ ಉಲ್ಲನ್. ಎದೆ ಆಯಿತು, ಬೆನ್ನಾಯಿತು, ಬಲಗೈ ಆಯಿತು. ಅಷ್ಟರಲ್ಲಿ ಅವಳಿಗೆ ಮಡಕೆಯ ಮೇಲೆ ಚಿತ್ರ ಬರೆಯುವ ಹುಚ್ಚು ಹತ್ತಿತು. ಮಾವ ಎರಡು ವಾರ ಕಾದರು. ಮೂರನೆಯ ವಾರ ಆ ಸ್ವೆಟರನ್ನು ಇದ್ದ ಹಾಗೇ ತೊಟ್ಟು, ಎಡ ಹೆಗಲಿಗೆ ಟವೆಲ್ಲು ಹೊದ್ದು, ಬೆಳಗಿನ ಟೀ ಅಂಗಡಿಗೆ ಹೊರಟೇಬಿಟ್ಟರು.

"ಇನ್ನೊಂದು ತೋಳೆಲ್ಲಿ ಯಜಮಾನ್ರೇ?" ಎಂದು ಅಂಗಡಿಯವನು ಕೇಳಿದನಂತೆ.

"ನಮ್ ಚಿಕ್ ಸೊಸೆ ಹಾಕ್ತಾವ್ಳೆ. ಬತ್ತದೆ, ಏನವಸರ?" ಅಂದರಂತೆ ಮಾವ.

ಇದನ್ನು ಅವರೇ ಬಂದು ನಮಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರ ಹಿಂದಿನ ವರ್ಷವೇ ನಾನೊಂದು ಸ್ವೆಟರು ಹಾಕಿಕೊಟ್ಟಿದ್ದೆ. ಎರಡು ತೋಳು, ಕಾಲರು, ಐದು ಗುಂಡಿ. ಅದು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. "ಹೊಸದಮ್ಮ, ಸುಮ್ನೆ ಹಾಳಾಗ್ತದೆ," ಅನ್ನುತ್ತಿದ್ದರು.

ಆ ಮಡಕೆಯೂ ಮುಗಿಯಲಿಲ್ಲ. ಮೊಣಕಾಲೆತ್ತರದ ಮಡಕೆ. ಅದರ ಮೇಲೊಂದು ನವಿಲು. ತಲೆ, ಕುತ್ತಿಗೆ, ಎದೆಯವರೆಗೆ ನೀಲಿ ಹಸಿರು ಮಿಂಚುತ್ತಿತ್ತು, ಬಾಲವಿರಬೇಕಾದ ಕಡೆ ಬರೀ ಮಣ್ಣು. ಅದನ್ನು ತಂದು ನಡುಮನೆಯ ಬಾಗಿಲ ಪಕ್ಕ ಇಟ್ಟಳು. ಬಂದವರೆಲ್ಲ ಅದರ ಮುಂದೆ ನಿಲ್ಲುವವರೇ. ಕರೆಂಟಿನ ಮೀಟರು ನೋಡಲು ಬಂದವನೂ ನಿಂತ. "ಯಾರಮ್ಮ ಮಾಡಿದ್ದು? ಬಾಲ ಇಲ್ದಿದ್ರೂ ಎಷ್ಟ್ ಚೆನ್ನಾಗಿದೆ." ಅದರೆದುರೇ ಟಿವಿಯ ಮೇಲೆ ನಾನು ಹಾಕಿದ ಕ್ರೋಷಾ ಕವರಿತ್ತು. ನಾಲ್ಕೂ ಕಡೆ ಅಂಚು, ಅಂಚಿಗೆ ಗೊಂಡೆ. ಆ ಮನುಷ್ಯ ಟಿವಿಯಲ್ಲಿ ಕ್ರಿಕೆಟ್ ಸ್ಕೋರು ನೋಡಿದ. ಕವರು ನೋಡಲಿಲ್ಲ.

ಇವೆಲ್ಲ ನುಂಗಿಕೊಳ್ಳಬಹುದಾದ ಮಾತು. ನನಗೆ ನುಂಗಲಾಗದಿದ್ದದ್ದು ನನ್ನ ಮಗಳ ವಿಷಯ.

ಅವಳಾಗ ಐದನೇ ಕ್ಲಾಸು. ವಾರಗಿತ್ತಿಯ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಶಾಲೆಯಿಂದ ಬಂದ ನನ್ನ ಮಗಳು ಚಪ್ಪಲಿ ಬಿಡುವುದೂ ಚಿಕ್ಕಮ್ಮನ ಕೋಣೆಯ ಬಾಗಿಲಲ್ಲೇ. ಶಾಲೆಯಲ್ಲಿ ಮಕ್ಕಳ ಕೈಕೆಲಸದ ಪ್ರದರ್ಶನವಿದೆ ಎಂದು ಗೊತ್ತಾದಾಗ, ಇದು ನನ್ನ ಸರದಿ ಅಂದುಕೊಂಡೆ. ಮಧ್ಯಾಹ್ನದ ನಿದ್ದೆ ಬಿಟ್ಟು ಐಸ್‌ಕ್ರೀಂ ಕಡ್ಡಿಗಳಲ್ಲಿ ಮನೆ ಕಟ್ಟಿದೆ. ಕಿಟಕಿ, ಮೆಟ್ಟಿಲು, ಕಾಂಪೌಂಡು, ಮುಂದೊಂದು ತುಳಸಿಕಟ್ಟೆ. ಮಗಳು ಅದನ್ನು ಸುತ್ತಲೂ ನೋಡಿದಳು.

"ತುಂಬಾ ಚೆನ್ನಾಗಿದೆ ಅಮ್ಮ. ಆದ್ರೆ ಇದು ನೀನು ಮಾಡಿದ್ದು."

ಅವಳು ಒಯ್ದದ್ದು ಚಿಕ್ಕಮ್ಮನೂ ತಾನೂ ಪೇಪರು ನೆನೆಸಿ, ಅರೆದು, ಮೈದಾ ಗೋಂದು ಸೇರಿಸಿ ಮಾಡಿದ ಆನೆಯನ್ನು. ಅದರ ಸೊಂಡಿಲಿನ್ನೂ ಹಸಿಯಿತ್ತು, ಒಂದು ಕಡೆ ಕಿವಿಯೇ ಇರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಆಟೋದಲ್ಲಿ ಇಂದಿರಾನಗರದ ಶಾಲೆಗೆ ಹೋದರು. ಬಹುಮಾನ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಗಳು ಅಳುತ್ತಾ ಬರುತ್ತಾಳೆ, ತಬ್ಬಿಕೊಂಡು ಸಮಾಧಾನ ಮಾಡೋಣ ಎಂದು ಕಾದಿದ್ದೆ... ಅವರು ಬಂದದ್ದು ನಗುತ್ತಾ. ಹೆಡ್‌ಮಿಸ್ಸು ಬಂದು ಮುಟ್ಟಿ ನೋಡಿದಾಗ ಆನೆಯ ಸೊಂಡಿಲು ಕಳಚಿ ಅವರ ಕೈಗೇ ಬಂತಂತೆ. "ಅವ್ರ ಮುಖ ನೋಡ್ಬೇಕಿತ್ತು ಅಕ್ಕಾ!" ಎಂದು ವಾರಗಿತ್ತಿ ಗೋಡೆಗೊರಗಿ ಕುಸಿದು ಕೂತಳು. ಮಗಳು ಅವಳ ಮೇಲೆ ಬಿದ್ದು ಉರುಳಾಡಿ ನಕ್ಕಳು. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಹೋಗಿ ಸಾಸಿವೆ ಹಾಕಿದೆ. ನನ್ನ ಜೊತೆ ಮಗಳು ಹಾಗೆ ನಕ್ಕದ್ದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ ನಾವಿಬ್ಬರೂ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆವು. ಮನಸ್ಸಿನಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬಂತು.

"ಅಲ್ವೇ, ಇಷ್ಟೊಂದು ಶುರು ಮಾಡ್ತೀಯ. ಒಂದಾದ್ರೂ ಮುಗಿಸ್ಬಾರ್ದಾ? ನೋಡಿದೋರು ಏನಂತಾರೆ?"

ಅವಳು ಸೀರೆಯ ಅಂಚು ಗಾಳಿಗೆ ಹಾರದ ಹಾಗೆ ಕಲ್ಲಿಡುತ್ತಿದ್ದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ," ಅಂದಳು. ಅಷ್ಟು ಹೊತ್ತಿಗೆ ಅವಳ ಕನ್ನಡವೂ ನಮ್ಮ ಮನೆಯದೇ ಆಗಿತ್ತು. "ನೀವು ಆ ಟಿವಿ ಕವರ್ ಮುಗಿಸಿದ್ರಲ್ಲ, ಆಮೇಲೆ ಏನಾಯ್ತು ಹೇಳಿ?"

ಏನಾಯಿತು... ಅತ್ತೆ ಫ್ರಿಜ್ಜಿಗೊಂದು ಹಾಕಿಕೊಡು ಅಂದಿದ್ದರು. ನಾದಿನಿ ಅವಳ ಮನೆಗೆಂದು ಹಾಕಿಸಿಕೊಂಡಿದ್ದಳು. ಎದುರು ಮನೆಯವರ ಮಗಳ ಮದುವೆಗೆ ಹರಿವಾಣದ ಹೊದಿಕೆಗಳೆಲ್ಲ ನನ್ನ ತಲೆಗೇ ಬಂದಿದ್ದವು. ಕಣ್ಣುರಿ ಬರುವವರೆಗೂ ಹಾಕಿದ್ದೆ.

"ಮುಗಿಸಿದ್ರೆ ಇನ್ನೊಂದ್ ಮಾಡ್ಕೊಡು ಅಂತಾರೆ. ಆಮೇಲೆ ಅದು ನಮ್ದಾಗಿರಲ್ಲ ಅಕ್ಕಾ, ಅದೂ ಒಂದು ಮನೆಕೆಲಸ ಆಗ್ಬಿಡುತ್ತೆ. ನನ್ ಹತ್ರ ಯಾರಾದ್ರೂ ಏನಾದ್ರೂ ಕೇಳ್ತಾರಾ? ತವರಲ್ಲಿ ಬೇಜಾರಾಗಿ ಬಿಡ್ತಿದ್ದೆ, ಬೇಕಂತ್ಲೇ ಬಿಡೋದು ನಿಮ್ಮನ್ನ ನೋಡೇ ಕಲ್ತಿದ್ದು."

ಅವಳ ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ನಾನು ತಲೆ ತಗ್ಗಿಸಿ ಸಂಡಿಗೆ ಇಡುತ್ತಲೇ ಹೋದೆ. ಅವತ್ತಿನಷ್ಟು ಅವಳನ್ನು ಕಂಡು ನಾನೆಂದೂ ಉರಿದಿರಲಿಲ್ಲ. ಅದುವರೆಗೆ ಅವಳ ಕೈಗುಣಕ್ಕೆ, ಅವಳ ಸುತ್ತ ಸೇರುವ ಜನಕ್ಕೆ ಹೊಟ್ಟೆಕಿಚ್ಚುಪಟ್ಟಿದ್ದೆ. ನಾನು ಇಷ್ಟು ವರ್ಷ ಬಾಳಿಯೂ ಕಾಣದ್ದನ್ನು ಅವಳು ಬಂದ ಹೊಸದರಲ್ಲೇ, ನನ್ನನ್ನೇ ನೋಡಿ, ಕಂಡುಕೊಂಡಿದ್ದಳು. ಅರ್ಧಕ್ಕೆ ಎದ್ದು ಹೋಗುವ ಆ ಧೈರ್ಯ... ಅದು ನನಗೆ ಬೇಕಿತ್ತು. ಮೇಲಿಂದ ಕೆಳಗಿಳಿದಾಗ ಸಂಜೆಯ ಹಾಲು ಬಂದಿತ್ತು. ಕಾಯಿಸಿದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮಾವನವರು ತೀರಿಕೊಂಡರು, ಅಣ್ಣತಮ್ಮಂದಿರಿಗೆ ಪಾಲಾಯಿತು. ಮೈದುನ ಕೆ.ಆರ್. ಪುರದ ಹತ್ತಿರ ಮನೆ ಕಟ್ಟಿಸಿದ. ವಾರಗಿತ್ತಿ ಅಲ್ಲಿಗೆ ಹೋದ ಮೇಲೆ ನನ್ನ ಮನೆ ಚೊಕ್ಕಟವಾಯಿತು. ಕಾಲಿಗೆ ಮಣಿ ಚುಚ್ಚುವುದಿಲ್ಲ, ಬಾಗಿಲ ಪಕ್ಕ ಮಡಕೆ ಎಡವುವುದಿಲ್ಲ. ಮಗಳು ಮಾತ್ರ ರಜೆ ಬಂದರೆ ಬಸ್ಸು ಹತ್ತಿ ಅಲ್ಲಿಗೇ ಓಡುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ವಾರಗಿತ್ತಿಗೆ ಕಾಯಿಲೆ ಎಂದು ತಿಳಿಯಿತು. ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ನಾನು ದಿನಾ ಕ್ಯಾರಿಯರಿನಲ್ಲಿ ಮೆತ್ತಗಿನ ಅನ್ನ, ತಿಳಿಸಾರು ಒಯ್ಯುತ್ತಿದ್ದೆ. ಅಲ್ಲಿಯೂ ಅವಳ ಮಂಚದ ಸುತ್ತ ಜನ. ಪಕ್ಕದ ಮಂಚದ ಮುದುಕಿ, ಕಸ ಗುಡಿಸುವಾಕೆ, ನರ್ಸು. ಸಣ್ಣಗಾಗಿ ಹೋಗಿದ್ದ ಬೆರಳುಗಳಲ್ಲಿ ಕಡ್ಡಿ ಹಿಡಿದು ಹಳದಿ ಉಲ್ಲನ್ನಿನಲ್ಲಿ ಏನೋ ಹಾಕುತ್ತಿದ್ದಳು.

"ಯಾರಿಗೇ ಇದು?"

"ಸಿಸ್ಟರ್ ಬಸುರಿ ಅಕ್ಕಾ. ಮಗೂಗೆ ಟೋಪಿ. ನಾನು ಅರ್ಧ ಹಾಕೋಷ್ಟರಲ್ಲಿ ಮಗು ಸ್ಕೂಲಿಗೇ ಹೋಗುತ್ತೆ ಬಿಡಿ," ಎಂದು ನಕ್ಕಳು. ಆ ನರ್ಸೂ ನಕ್ಕಳು. ನಾನು ತಟ್ಟೆಗೆ ಅನ್ನ ಬಡಿಸಿದೆ. ನಾಲ್ಕು ತುತ್ತು ತಿಂದು ಸಾಕೆಂದಳು. ಟೋಪಿ ಎಲ್ಲಿಯವರೆಗೆ ಬಂದಿತ್ತೋ ಗೊತ್ತಿಲ್ಲ. ಆಮೇಲೆ ಅದನ್ನು ಕೇಳುವ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ.

ತಿಥಿ ಕಳೆದು ಕೆಲವು ದಿನಗಳಾದ ಮೇಲೆ ಮೈದುನ ಆ ಎರಡು ಟ್ರಂಕುಗಳನ್ನು ತಂದು ನಮ್ಮ ನಡುಮನೆಯಲ್ಲಿಟ್ಟ. "ಅತ್ತಿಗೆ, ನಂಗೆ ಇವನ್ನ ನೋಡಕ್ಕಾಗಲ್ಲ. ನಿಮ್ ಹತ್ರಾನೇ ಇರ್ಲಿ. ನೀವಾದ್ರೆ ಮುಗಿಸ್ತೀರ."

ಅವನು ಹೋದ ಮೇಲೆ ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಮೇಲೆ ಒಂದು ದಿಂಬಿನ ಹೊದಿಕೆ. ಮೂಲೆಯಲ್ಲಿ ಕಸೂತಿಯ ಬಳ್ಳಿ, ಬಳ್ಳಿಯ ತುದಿಯಲ್ಲಿ ಅವಳು ಚುಚ್ಚಿ ಬಿಟ್ಟ ಸೂಜಿ, ಸೂಜಿಯಲ್ಲಿ ಹಸಿರು ದಾರ. ಕನ್ನಡಕ ಹಾಕಿಕೊಂಡೆ. ಎರಡು ಎಲೆ, ಒಂದು ಮೊಗ್ಗು, ಅಷ್ಟೇ ಬಾಕಿ. ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತಳು.

"ಅಮ್ಮ, ಮುಗಿಸ್ಬೇಡ."

"ಯಾಕೆ, ನಂಗೆ ಬರಲ್ವಾ?"

"ಬರುತ್ತೆ. ಅದಕ್ಕೇ ಬೇಡ ಅಂದಿದ್ದು."

ಅವಳ ಕಣ್ಣು ಊದಿಕೊಂಡಿತ್ತು. ನಾನು ಸತ್ತರೆ ಇವಳು ಹೀಗೆ ಅಳುತ್ತಾಳೆಯೇ ಎಂದು ಆ ಹೊತ್ತಿನಲ್ಲೂ ನನಗನ್ನಿಸಿತು. ಕನ್ನಡಕ ತೆಗೆದು ಒಳಗೆ ಹೋದೆ. ಟ್ರಂಕುಗಳು ಮಗಳ ಕೋಣೆ ಸೇರಿದವು.

ಈಗ ಮಗಳ ಮನೆ ಇಂದಿರಾನಗರದಲ್ಲಿ. ಆ ಅರ್ಧಂಬರ್ಧ ಕಸೂತಿಗಳಿಗೆಲ್ಲ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ. ಮೊನ್ನೆ ಭಾನುವಾರ ನಾನು ಹೋಗಿದ್ದಾಗ ಅವಳ ಗೆಳತಿಯರು ಊಟಕ್ಕೆ ಬಂದಿದ್ದರು. ಒಬ್ಬೊಬ್ಬರೂ ಗೋಡೆಯ ಮುಂದೆ ನಿಂತು ಯಾರು ಮಾಡಿದ್ದು ಎಂದು ಕೇಳುವವರೇ. "ನಮ್ ಚಿಕ್ಕಮ್ಮ" ಎಂದು ಮಗಳು ಕಥೆ ಶುರು ಮಾಡಿದಳು. ನಾನು ಅಡುಗೆಮನೆಯಲ್ಲಿ ಪರಂಗಿಹಣ್ಣು ಹೆಚ್ಚುತ್ತಿದ್ದೆ. ಹೆಚ್ಚಿ, ತಟ್ಟೆ ಹಿಡಿದು ಬಂದಾಗ ಒಬ್ಬ ಹುಡುಗಿ ಕೇಳಿದಳು, "ಆಂಟಿ, ನೀವೂ ಇಂಥದ್ದೇನಾದ್ರೂ ಮಾಡ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಅಂದಳು: "ಅಮ್ಮಾನಾ? ಅಮ್ಮ ಎಲ್ಲಾ ಮಾಡ್ತಾಳೆ."

ಪ್ರೀತಿಯಿಂದಲೇ ಹೇಳಿದಳು. ಗೆಳತಿಯರೂ ನಕ್ಕು, ತಲೆದೂಗಿ, ಹಣ್ಣು ತೆಗೆದುಕೊಂಡರು. ಖಾಲಿಯಾದ ತಟ್ಟೆ ಹಿಡಿದು ನಾನು ಅಡುಗೆಮನೆಗೆ ಬಂದೆ. ಆ "ಎಲ್ಲಾ" ಎಂಬ ಮಾತಿನೊಳಗೆ ನನ್ನ ಕ್ರೋಷಾ, ಸ್ವೆಟರುಗಳೂ ಮನೆಕೆಲಸವಾಗಿ ಹೋದದ್ದು ಅಲ್ಲಿದ್ದವರಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನ್ನ ಮಗಳಿಗೂ. ಗೊತ್ತಾಗುತ್ತಿದ್ದವಳು ಒಬ್ಬಳೇ. ಅವಳಿದ್ದಿದ್ದರೆ ನನ್ನ ಹಿಂದೆಯೇ ಬಂದು, ಬಾಗಿಲು ಮುಂದೆ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಾನೂ ನಗುತ್ತಿದ್ದೆನೋ ಏನೋ... ಸಿಂಕಿನಲ್ಲಿ ಪಾತ್ರೆ ತುಂಬಿತ್ತು. ನಲ್ಲಿ ತಿರುಗಿಸಿದೆ.