ಬಣ್ಣದಂಗಡಿ ಮಾವನ ಬಲಗೈ

ಕಾಮಿಕ್ಸ್ ಬರೆಯುವ ಹುಚ್ಚು ಹತ್ತಿದವರಿಗೆಲ್ಲ ನಮ್ಮ ಬೀದಿಯ ಬಣ್ಣದಂಗಡಿ ಮಾವನೇ ಗುರು, ಶಾಲೆ, ಪರೀಕ್ಷೆ ಎಲ್ಲ. ದುಬಾರಿ ಕುಂಚ ಕೇಳಿದರೆ ಕೊಡುವ ಆಸಾಮಿಯಲ್ಲ. "ಕುಣಿಯಲಾರದವಳಿಗೆ ನೆಲ ಡೊಂಕು! ಮೊದ್ಲು ಈ ಪೆನ್ಸಿಲ್ ಸವೆಸಿ, ಮೋಟು ತಂದು ತೋರ್ಸು" ಎಂದು ಅಟ್ಟುತ್ತಾನೆ. ಯಾರು ಚಿತ್ರ ತಂದರೂ ಕನ್ನಡಿಗೆ ಹಿಡಿದು, ಮೂಗು ಎಲ್ಲಿ ವಾಲಿದೆಯೆಂದು ಬರೆದವರ ಬಾಯಿಂದಲೇ ಹೇಳಿಸುತ್ತಾನೆ. ಮೊದಲು ಮಾತು ಬರೆದು ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಬೇಕು, ಗುಳ್ಳೆ ಎಳೆದು ಮಾತು ತುರುಕುವುದು ಕೂಸಿನ ಅಂಗಿಗೆ ಅಜ್ಜನ ಹೊಟ್ಟೆ ತುರುಕಿದಂತೆ ಎಂಬುದು ಅವನು ದಿನಕ್ಕೆ ಹತ್ತು ಸಲ ಜಪಿಸುವ ಮಂತ್ರ. ಪತ್ರಿಕೆಯಿಂದ ಮೂರು ಸಲ ವಾಪಸು ಬಂದ ಕತೆಯನ್ನು ಹೊಲಿಗೆಯಂಗಡಿಯವಳು ತಂದಾಗ ನಾನು ಅಲ್ಲೇ ಇದ್ದೆ. "ಇನ್ನೊಂದೇ ಸಲ ಮಾವ, ಆಗ್ಲಿಲ್ಲ ಅಂದ್ರೆ ಬಿಟ್ಟೇಬಿಡ್ತೀನಿ" ಎಂದಳು. ಮಾವ ಪುಟ ತಿರುವಿ, "ಏನವ್ವ, ನಿನ್ನ ಕತೇಲಿರೋರಿಗೆಲ್ಲ ಚಳಿಜ್ವರಾನಾ? ಒಬ್ರೂ ಜೇಬಿಂದ ಕೈ ತೆಗೆದಿಲ್ವಲ್ಲ!" ಎಂದು ನಕ್ಕ. "ಕೈ ಬರಿಯೋಕೆ ಬರಲ್ಲ ಮಾವ." "ಹಾಗ್ ಹೇಳು ಮತ್ತೆ" ಎಂದವನೇ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ ಕೂತ. ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಸೊಟ್ಟಗಾದ ಕೈ ಅದು; ಅಂದಿನಿಂದ ಮಾವ ಒಂದು ಗೆರೆಯನ್ನೂ ಎಳೆದಿಲ್ಲ. ತಿಂಗಳೊಪ್ಪತ್ತು ಅವಳು ದಿನವೂ ಅದನ್ನೇ ನೋಡಿ ಬರೆದಳು, ಗಿರಾಕಿಗಳು ಗೊಣಗುತ್ತ ಕಾದರು. ಮೊನ್ನೆ ಕತೆ ಅಚ್ಚಾಗಿ ಬಂತು. ಅದರಲ್ಲಿ ರಾಣಿ, ಕಳ್ಳ, ಮುದುಕಿ, ಎಲ್ಲರಿಗೂ ಸೊಟ್ಟ ಬೆರಳು. ಮಾವ ಪುಟದ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದ. "ಉಗುರು ಇನ್ನೂ ಕುದುರಿಲ್ಲ ಕಣವ್ವ, ಕೂತ್ಕೊ" ಎಂದು ಮತ್ತೆ ಕೈ ಚಾಚಿದ.