ಹೊಗೆ ಕೊಡದ ಒಣದ್ರಾಕ್ಷಿ

ಎರಡು ಸಾವಿರದ ಮೂರರ ಬೇಸಿಗೆ, ಮಧ್ಯಾಹ್ನದ ಊಟ ಮುಗಿದ ಹೊತ್ತು. ತಿಕೋಂಡಿಯ ದಸ್ತಗೀರ ಮಾವನ ಒಣದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ ನಾನು ನಿಂತಿದ್ದೆ. ಒಂದು ಕಾಲು ಬಿಸಿಲಿಗೆ, ಇನ್ನೊಂದು ನೆರಳಿಗೆ. ಒಳಗೆ ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರ ನಡುವೆ, ದಿನಾ ಬಿಪಿ ಗುಳಿಗೆ ನುಂಗುವ ನನ್ನ ಚಿಗವ್ವ ಶಾಂತವ್ವ ಇದ್ದಳು. ಗಂಧಕದ ಹೊಗೆ ಕೊಟ್ಟ ದ್ರಾಕ್ಷಿ ಒಣಗಿದರೂ ಹೊಂಬಣ್ಣ ಬಿಡುವುದಿಲ್ಲ, ಕೊಡದಿದ್ದರೆ ಕಂದುತ್ತದೆ ಎಂಬುದನ್ನು ನಮ್ಮ ಕಡೆ ಯಾರಿಗೂ ಕಲಿಸಬೇಕಾಗಿಲ್ಲ.

ಪುಡಿಯ ಡಬ್ಬಿ ಮಾರಲು ಬಂದ ಟೈ ಕಟ್ಟಿದ ಮನುಷ್ಯ ಆ ತಿಳಿವಳಿಕೆಗೇ ಕೈ ಹಾಕಿದ. ಹೊಂಬಣ್ಣದ್ದೊಂದು, ಕಂದಿದ್ದೊಂದು ದ್ರಾಕ್ಷಿಯನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದ: "ನೋಡ್ರಿ ಬಾಯಾರ, ಮೈಯಾಗ ಫ್ರೀ ರ‍್ಯಾಡಿಕಲ್ ಅಂತ ಇರ್ತಾವ್ರಿ. ಅವು ಮನಷ್ಯಾನ್ನ ಹಿಂಗ ಕಂದಸ್ತಾವು. ಈ ಪುಡಿ ಆಂಟಿಆಕ್ಸಿಡೆಂಟ್. ದ್ರಾಕ್ಷಿಗಿ ನೀವು ಹೊಗಿ ಕೊಡ್ತೀರಲ್ಲ, ಇದು ಮೈಗಿ ಕೊಟ್ಟಂಗ. ಮುಪ್ಪು ತಡಿಯೋ ಆಯುರ್ವೇದದ ರಸಾಯನ ಐತ್ರಿ. ಬಿಪಿ ಗುಳಿಗಿ ಬ್ಯಾಡೇ ಬ್ಯಾಡ."

"ಹಂಗಾರ ನನ್ನ ಹೊಗಿ ಖೋಲ್ಯಾಗ ಹಾಕ್ರಿ ಸಾಹೇಬ್ರ," ಎಂದ ದಸ್ತಗೀರ ಮಾವ, "ಮದಿಮಗ ಆಗಿ ಹೊರಗ ಬರ್ತೀನಿ."

ಎಲ್ಲರೂ ನಕ್ಕರು. ಚಿಗವ್ವ ಮಾತ್ರ ಆ ಕಂದಿದ ದ್ರಾಕ್ಷಿಯನ್ನೇ ನೋಡುತ್ತಿದ್ದಳು.

"ಚಿಗವ್ವ, ಗುಳಿಗಿ ಬಿಡಬ್ಯಾಡ," ಎಂದೆ.

"ನಿನ್ನ ತಲಿ ನೋಡ್ಕೊ, ಹಿಂಜಿದ ಹತ್ತಿ ಆಗೇತಿ. ನೀ ನನಗ ಹೇಳಾಂವಾ?"

ವಯಸ್ಸಿನ ವಿಷಯ ಬಂದಾಗಲೆಲ್ಲ ನನ್ನ ತಲೆ ಎದುರು ಪಕ್ಷದ ಸಾಕ್ಷಿಯಾಗುತ್ತದೆ. ಚಿಗವ್ವ ಒಂದು ಡಬ್ಬಿ ಕೊಂಡಳು.

ಸುಗ್ಗಿ ಮುಗಿಯುವ ಮೊದಲೇ ಚಿಗವ್ವ ಅದೇ ಶೆಡ್ಡಿನಲ್ಲಿ ಮೊರದ ಮೇಲೆ ಕುಸಿದಳು. ಗುಳಿಗೆ ಬಿಟ್ಟದ್ದರಿಂದ ರಕ್ತದೊತ್ತಡ ಏರಿ ಮೆದುಳಿನ ರಕ್ತನಾಳ ಒಡೆದಿದೆ ಎಂದರು ಜತ್ತದ ಡಾಕ್ಟರು. ಬಲಗೈ, ಬಲಗಾಲು ಹೋದವು. ಡಬ್ಬಿಯವನು ಮತ್ತೆ ಬರಲಿಲ್ಲ.

ಆಮೇಲೆ ನಾನು ಹುಡುಕಿ ಓದಿದೆ. ಫ್ರೀ ರ‍್ಯಾಡಿಕಲ್ ಸುಳ್ಳಲ್ಲ. ಉಸಿರಾಡುವ ಮೈಯಲ್ಲೇ ಅವು ಹುಟ್ಟುತ್ತವೆ, ರೋಗಾಣುಗಳನ್ನು ಕೊಲ್ಲಲು ಮೈಗೆ ಅವು ಬೇಕು ಕೂಡ, ಮಿತಿ ಮೀರದಂತೆ ಮೈಯೇ ಕಾಯುತ್ತದೆ. ರಸಾಯನವೂ ಸುಳ್ಳಲ್ಲ, ಅದಕ್ಕೆ ಹಾಕುವ ನೆಲ್ಲಿಕಾಯಿಯ ಗುಣವನ್ನು ನಾನೇಕೆ ಅಲ್ಲಗಳೆಯಲಿ? ಎರಡು ಸತ್ಯಗಳ ಬಟ್ಟೆ ಹರಿದು ಅವನು ಒಂದು ಸುಳ್ಳಿನ ಚೀಲ ಹೊಲಿದ. ದ್ರಾಕ್ಷಿಗೆ ಹೊಗೆ ಕೊಡುವುದು ಬಳ್ಳಿಯಿಂದ ಕಿತ್ತ ಮೇಲೆ. ಚಿಗವ್ವ ಇನ್ನೂ ಬಳ್ಳಿಯಲ್ಲಿದ್ದಳು.

ಔಷಧಿಯೇ ಬೇಡದ ರಸಾಯನವೊಂದನ್ನೂ ಆಯುರ್ವೇದ ಹೇಳುತ್ತದೆ: ನಿಜ ನುಡಿಯಬೇಕು, ಸಿಟ್ಟು ಬಿಡಬೇಕು. ಮೊದಲನೆಯದು ಅವನಿಂದ ಆಗಲಿಲ್ಲ, ಎರಡನೆಯದು ನನ್ನಿಂದ ಆಗದು. ಅದರಿಂದ ಬೇಗ ಮುದುಕನಾಗುವುದಾದರೆ ಆಗಲಿ.

ಈಗ ಪ್ರತಿ ಸುಗ್ಗಿಯಲ್ಲೂ ದಸ್ತಗೀರ ಮಾವ ಒಂದು ತಟ್ಟೆ ದ್ರಾಕ್ಷಿಯನ್ನು ಹೊಗೆ ಕೊಡದೆ ಕಂದಲು ಬಿಟ್ಟು, ಚಿಗವ್ವನಿಗೆಂದು ನಮ್ಮ ಮನೆಗೆ ತಂದಿಡುತ್ತಾನೆ. ಅಂದು ಆ ಶೆಡ್ಡಿನಲ್ಲಿದ್ದು, ಆ ಮಾತು ಕೇಳಿ, ಇನ್ನೂ ಬದುಕಿರುವವರು ಅವನು, ನಾನು, ಮತ್ತು ಆ ದ್ರಾಕ್ಷಿಯನ್ನು ಎಡಗೈಯಿಂದ ಒಂದೊಂದಾಗಿ ಆರಿಸಿ ತಿನ್ನುವ ಶಾಂತವ್ವ. ನಂಬದವರು ಅವಳನ್ನೇ ಕೇಳಲಿ. ನಾಲಗೆ ತೊದಲುತ್ತದೆ, ನೆನಪು ತೊದಲುವುದಿಲ್ಲ.